ತಲೆ ಎಣಿಕೆ

ಪ್ರತಿ ನಿಲುಗಡೆಯಲ್ಲೂ ನಾನು ತಲೆ ಎಣಿಸುತ್ತೇನೆ.
ಮುಖಗಳನ್ನಲ್ಲ, ಅವು ವಾರಕ್ಕೊಮ್ಮೆ ಬದಲಾಗುತ್ತವೆ;
ಬರೀ ಟೊಪ್ಪಿ, ಒದ್ದೆ ಕೂದಲು, ಕಿವಿಗೆ ಸಿಕ್ಕಿಸಿದ ವೈರು.
ಹಾಸ್ಟ್‌ನಲ್ಲಿ ಇಪ್ಪತ್ತೇಳು.
ಫಾಕ್ಸ್‌ನಲ್ಲೂ ಇಪ್ಪತ್ತೇಳು,
ಒಬ್ಬ ಇನ್ನೂ ನಿನ್ನೆ ರಾತ್ರಿಯ ಬಿಯರಿನೊಳಗೇ ಇದ್ದರೂ.

ಹತ್ತೊಂಬತ್ತು ವರ್ಷದಿಂದ ಇದೇ ಸ್ಟಿಯರಿಂಗು, ಇದೇ ಮೈಕು.
ಒಂದೇ ಬಂಡಿ ಹಿಡಿಸುವ ಸೇತುವೆ ಬಂದಾಗ ಅದೇ ಜೋಕು:
‘ಎದುರಿಗೆ ನನ್ನ ಮಾಜಿ ಗಂಡ ಬಂದರೆ ಬ್ರೇಕು ಒತ್ತುವುದಿಲ್ಲ.’
ನಗುತ್ತಾರೆ. ಯಾವ ದೇಶದವರಾದರೂ
ನಗು ಅರ್ಧ ಸೇತುವೆ ದಾಟಿದ ಮೇಲೇ ಬರುತ್ತದೆ.
ಆಮೇಲೆ ಹಾಳೆ ಹಿಂದಕ್ಕೆ ಕಳಿಸುತ್ತೇನೆ, ಬರೆಯಿರಿ,
ಯಾರಿಗೆ ಕಾಲಿಗೆ ಹಗ್ಗ ಕಟ್ಟಿ ಹಾರುವುದು,
ಯಾರಿಗೆ ಹಿಮದ ಮೇಲೆ ಹೆಲಿಕಾಪ್ಟರು,
ಯಾರಿಗೆ ಡಾರ್ಮಿಟರಿಯಲ್ಲಿ ಕೆಳಗಿನ ಮಂಚ.
ಹಿಮನದಿ ಎಲ್ಲಿಯವರೆಗಿತ್ತೆಂದು ಮೊದಲು ಕಿಟಕಿಯಿಂದಲೇ
ಬೆರಳು ತೋರುತ್ತಿದ್ದೆ. ಈಗ ತೋರಲು
ಬಸ್ಸಿಳಿದು ಒಂದು ತಾಸು ನಡೆಯಬೇಕು. ಬಿಟ್ಟಿದ್ದೇನೆ.

ಫಟರೋವದ ಅಂಗಡಿ ಮುಂದೆ ಪುಟಿಪುಟಿ ನಿಂತಿದ್ದಳು.
ಲೆಕ್ಕ ಹಾಕಿದರೆ ಚಿಕ್ಕಮ್ಮ,
ಹಾಕದಿದ್ದರೂ ಚಿಕ್ಕಮ್ಮ.
ಗ್ರೇಮೌತ್ ಆಸ್ಪತ್ರೆಯಲ್ಲಿ ಕಣ್ಣು ತೋರಿಸಬೇಕು,
ಮಗನ ಪಿಕಪ್ಪು ಕೆಟ್ಟು ಕೂತಿದೆ, ಬೇರೆ ಬಸ್ಸು ಯಾವುದಿದೆ?
ಕಂಪನಿಯ ನಿಯಮ: ಪಾಸಿಲ್ಲದವರಿಗೆ ಸೀಟಿಲ್ಲ.
ಅವಳ ಬುಟ್ಟಿಯ ಮೇಲೊಂದು ಚೌಕುಳಿ ಬಟ್ಟೆ,
ಕೆಳಗೆ ಬಿಸಿ ಸ್ಕೋನ್.
ಇಪ್ಪತ್ತೆಂಟು.

ಬಲಗಡೆ ಕಿಟಕಿಗೆ ಯೋಸ್ಟ್, ಪಕ್ಕದಲ್ಲಿ ಅವಳು.
‘ಹೊರಗೇನಿದೆ, ಮಗಾ?’
ಹುಡುಗ ವೈರು ಕಿತ್ತ. ‘ಬೆಟ್ಟ.’
‘ಇರುತ್ತೆ, ಎಲ್ಲಿಗೆ ಹೋದೀತು!
ಎಂಬತ್ತೊಂದು ವರ್ಷ ಅದರ ಬುಡದಲ್ಲೇ ಬಟ್ಟೆ ಒಣಗಿಸಿದ್ದೇನೆ.
ಇವತ್ತು ಹೇಗಿದೆ, ಹೇಳು.’
ಹಾಲೆಂಡಿನವ, ಅವನೂರಲ್ಲಿ
ಸೇತುವೆಯೇ ಎಲ್ಲಕ್ಕಿಂತ ಎತ್ತರದ ಜಾಗವಂತೆ.
‘ಬಿಳಿ,’ ಅಂದ.
‘ಯಾವ ಬಿಳಿ? ಹಾಲಿಂದೋ, ಕುರಿ ಹೊಟ್ಟೆಯದೋ?’
ಕನ್ನಡಿಯಲ್ಲಿ ನೋಡಿದೆ. ಫೋನು ಮಡಿಲಲ್ಲಿ ಬೋರಲು ಬಿದ್ದಿತ್ತು,
ಹಣೆ ಗಾಜಿಗೆ ಅಂಟಿತ್ತು.
ಬಹಳ ಹೊತ್ತಾದ ಮೇಲೆ: ‘ಸೋಪು ಸವೆದು ಸವೆದು
ಕೊನೆಗೊಂದು ಚೂರು ಉಳಿಯುತ್ತಲ್ಲ, ಆಚೆ ಬೆಳಕು ಕಾಣೋ ಹಾಗೆ. ಅದು.’
‘ಹಾಂ. ಹಾಗಾದರೆ ಸಂಜೆಗೆ ಗಾಳಿ.’

ಸೇತುವೆ ಬಂತು. ನಾನು ಜೋಕು ಹೇಳಲಿಲ್ಲ.

‘ಈಗ?’ ‘ಹಸು.’ ‘ಈಗ?’ ‘ನೀರು, ನಿಂತ ನೀರು.
ನೀರಲ್ಲೊಂದು ಬಿಳಿ ಹಕ್ಕಿ. ದೊಡ್ಡದು. ಒಂಟಿ ಕಾಲಲ್ಲಿ.’
ಅವಳ ಕೈ ಅವನ ಮೊಣಕಾಲಿನ ಮೇಲೆ ಬಿತ್ತು.
‘ಕೊಟುಕು! ಜನ್ಮಕ್ಕೊಮ್ಮೆ ಕಾಣುವ ಹಕ್ಕಿ ಅಂತಾರೆ ನಮ್ಮವರು.’
ಸ್ವಲ್ಪ ತಡೆದು, ‘ನಂದು ಇದು ಎರಡನೇದು.’

ನಾನೂ ನೋಡಿದ್ದೆ.
ಬೇಲಿ ಗೂಟಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು,
ಹುಲ್ಲಿನ ಉಂಡೆಗೆ ಸುತ್ತುತ್ತಾರಲ್ಲ, ಅದು.
ಮೈಕು ತೊಡೆಯ ಮೇಲಿತ್ತು.
ಗೇರು ಬದಲಿಸಿದೆ, ಬದಲಿಸುವಂಥದ್ದೇನೂ ಇರಲಿಲ್ಲ.

ಆಸ್ಪತ್ರೆ ಬಾಗಿಲವರೆಗೂ ಯೋಸ್ಟ್ ಅವಳ ಬುಟ್ಟಿ ಹಿಡಿದ.
ಅದರಲ್ಲೀಗ ಬಟ್ಟೆ ಮಾತ್ರ;
ಸ್ಕೋನ್ ಅರ್ಧರ್ಧ ಮುರಿದು ಎಲ್ಲರಿಗೂ ಹಂಚಿದ್ದಳು,
ಬಿಯರಿನವನಿಗೂ.
ಹುಡುಗ ಓಡಿಬಂದು ಹತ್ತಿದ. ಇಪ್ಪತ್ತೇಳು.
ಎಣಿಕೆ ಸರಿಯಿತ್ತು, ಮತ್ತೊಮ್ಮೆ ಎಣಿಸಿದೆ.

ಆಮೇಲಿನ ವಾರ ಅದು ಅಲ್ಲೇ ಇತ್ತು.
ಮರುವಾರವೂ, ಒಂದು ಚುಂಗು ಹರಿದು.
ಇಳಿದು ಕಿತ್ತು ಬಿಸಾಕಲು ಎರಡು ನಿಮಿಷ ಸಾಕು,
ಪ್ರತಿ ಸಲ ಟೈಮಿಲ್ಲ ಅಂದುಕೊಂಡೆ.
ಈ ಮಂಗಳವಾರ ಗೂಟ ಬರಿದಾಗಿತ್ತು.
ಮೈಕು ತೆಗೆದುಕೊಂಡು ಹೇಳಿದೆ,
‘ಬಲಗಡೆ ನೋಡಿ, ಇಲ್ಲೊಂದು ಹಕ್ಕಿ ಇತ್ತು.’
ಹಾಳೆ ಆಗ ಹಿಂದಿನ ಸಾಲಿನಲ್ಲಿತ್ತು,
ಯಾರೋ ಪೆನ್ನು ಕೇಳುತ್ತಿದ್ದರು.