ವಕಾಲತ್ತು

ಕೋಲಾರದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ
ಕಡತ ಹೊಲಿದವನು ನಾನು, ಜಯಶೀಲ ಸಾಲೊಮನ್.
ಕ್ಯಾಂಟೀನಿನಲ್ಲಿ ವಕೀಲ ಚೌಡಪ್ಪ ಕೇಳಿದ:
"ನಿಮ್ಮ ಮತದ ಮೇಲೆ ಕೇಸು ಬಿದ್ರೆ
ಯಾರ್ ಹಾಕ್ತಾರಪ್ಪ ವಕಾಲತ್ತು?"

ಬೆರಳು ಮಡಚಿದ. ಗೋವೆಯ ವಿಚಾರಣೆ,
ಬೆಂಕಿ, ಗುಲಾಮರ ಹಡಗು, ಹಡಗಿನಲ್ಲೇ ಪ್ರಾರ್ಥನೆ.
ಅವನಿಗೆ ಗೊತ್ತಿಲ್ಲದ ಇನ್ನೊಂದು ಬೆರಳು ನಾನೇ ಕೊಟ್ಟೆ:
ನಮ್ಮ ಚರ್ಚಿನಲ್ಲೇ, ಅಜ್ಜಿಯ ಕಾಲದಲ್ಲಿ,
ರಕ್ತ ಒಂದೇ ಎಂದು ಓದಿ
ಬಟ್ಟಲು ಎರಡು ಇಟ್ಟಿದ್ದರು.

ಚೌಡಪ್ಪ ಚಹಾ ಕೆಳಗಿಟ್ಟ.

ಸಾಕ್ಷಿ ಇದ್ದಾಳೆ ಒಬ್ಬಳು. ಅದೇ ಅಜ್ಜಿ, ದೇವಕೃಪಮ್ಮ.
ಪ್ಲೇಗಿನ ವರ್ಷ ಊರು ಅವಳನ್ನು
ಹುಣಸೆಮರದಡಿ ಬಿಟ್ಟು ಹೋಯಿತು.
ಮಿಷನ್ ಆಸ್ಪತ್ರೆಯ ದೊರೆಸಾನಿ
ಕಂಕುಳ ಗೆಡ್ಡೆಯ ಕೀವು ತೊಳೆದಳು, ಬರಿಗೈಯಲ್ಲಿ.
ಪಾಟೀಸವಾಲು: ವಾಸಿಯಾದ ಮೇಲೆ
ಅದೇ ದೊರೆಸಾನಿ ಕುರ್ಚಿ ಕೊಟ್ಟಳೇ?
ಇಲ್ಲ. ವರಾಂಡದಲ್ಲಿ ನಿಲ್ಲಿಸಿದಳು.
ಎರಡೂ ನಿಜ. ಇಂಥ ಸಾಕ್ಷಿಯನ್ನು
ಯಾವ ಪಕ್ಷವೂ ಕರೆಯುವುದಿಲ್ಲ.

ತರ್ಕ ಬೇಡ ಅನ್ನುವವನಲ್ಲ ನಾನು;
ಸಾವಿರ ಆಸ್ಪತ್ರೆ ಒಂದು ಚಿತೆಯನ್ನು ಆರಿಸದು.
ಆದರೆ ಒಂದು ಹಳೆಯ ಕಡತ ಕಾಡುತ್ತದೆ:
ದೂರು, ಸಾಕ್ಷಿ, ದೇಶಾಧಿಪತಿಯ ತೀರ್ಪು,
ಎಲ್ಲ ಕ್ರಮಬದ್ಧ. ಮರಣದಂಡನೆ ಜಾರಿ.
ಆಮೇಲೆ ಆ ಕೈದಿಯ ಹೆಸರಿನಲ್ಲೇ
ಮೊಹರು ಒತ್ತತೊಡಗಿದೆವು ನಾವು.

"ವಕಾಲತ್ತು ಅವನ ಪರವೋ, ನಮ್ಮ ಪರವೋ,
ಏನಂತ ಬರಕೊಳ್ಳಲಿ?" ಕೇಳಿದೆ.
ಅಷ್ಟರಲ್ಲಿ ಕಲಾಪದ ಬೆಲ್ಲು.

ಭಾನುವಾರ ಈಗಲೂ ಕೊನೆಯ ಬೆಂಚಿನಲ್ಲೇ ಕೂರುತ್ತೇನೆ,
ಅಜ್ಜಿಯನ್ನು ಮುಂದಕ್ಕೆ ಬಿಡದ ಬೆಂಚು.
ಬಟ್ಟಲು ಈಗ ಒಂದೇ. ಅಂಚಿನಲ್ಲಿ
ಒಂದು ನೆಗ್ಗು ಇದೆ, ತುಟಿಗೆ ಸಿಗುತ್ತದೆ.