ಗುಂಡಿ

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹಿಂದೆ
ಮೊಬೈಲ್ ರಿಪೇರಿಯ ಮೇಲಿನ ಮಾಳಿಗೆಯಲ್ಲಿ
ನಾವು ಮೂವರು, ಒಂದು ಇನ್ವರ್ಟರ್, ಒಂಬತ್ತು ಪ್ರಾಜೆಕ್ಟು:
ಚಿನ್ನದಂಗಡಿ, ಕಲ್ಯಾಣಮಂಟಪ, ದುಬೈ ಟಿಕೇಟಿನವರು,
ಹಲ್ಲಿನ ಡಾಕ್ಟರು, ಅವರಿಗೆ ಮೂರು ಸೆಕೆಂಡಿಗೊಮ್ಮೆ
ನಗುವ ಬಾಯೊಂದು ಜಾರಿ ಬರಬೇಕು;
ಕೊನೆಗೆ ಸಹಕಾರಿ ಬ್ಯಾಂಕು.

ಬ್ಯಾಂಕಿನ ಕರಾರಿನ ಹದಿನಾಲ್ಕನೆಯ ಪುಟದಲ್ಲಿ ಒಂದು ಸಾಲು:
ಎಲ್ಲರಿಗೂ ಬಳಸಲು ಬರುವಂತಿರಬೇಕು.
ಶಿಹಾಬಿಕ್ಕ ಅದರ ಮೇಲೆ ಚಾಯದ ಗ್ಲಾಸು ಇಟ್ಟಿದ್ದರು.
ನಾನು ಗ್ಲಾಸು ಎತ್ತಿದೆ, ಅಷ್ಟೆ.

ಪರೀಕ್ಷೆಗೆ ಬಂದವರು ಐತ್ತಪ್ಪಣ್ಣ.
ಅದೇ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಫೋನೆತ್ತಿದವರು,
ದನಿ ಕೇಳಿ ಊರಿನ ಸಾಲಗಾರರನ್ನೆಲ್ಲ ಗುರುತಿಸಿದವರು,
ಸ್ವಂತ ಪಾಸ್‌ಬುಕ್ಕನ್ನು ಮಾತ್ರ
ಬೇರೆಯವರ ಬಾಯಲ್ಲೇ ಕೇಳಿದವರು.
ಏರಿ ಬಂದು ಹೇಳಿದ್ದು ಮೊದಲು ಇದನ್ನೇ:
'ಹದಿನೇಳು ಮೆಟ್ಟಿಲು. ಹನ್ನೊಂದನೆಯದು ಗಿಡ್ಡ.'

ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಒಂದು ನನ್ನದಕ್ಕೆ.
ಆರು ವಾರ ನಾನು ಕಟ್ಟಿದ್ದನ್ನು ಯಂತ್ರ ಓದತೊಡಗಿತು:
ಗುಂಡಿ. ಗುಂಡಿ. ಗುಂಡಿ. ಕೊಂಡಿ. ಗುಂಡಿ.
'ಇಷ್ಟು ಗುಂಡಿ ಹೈವೇಯವರೂ ತೋಡಲಿಲ್ಲ ಮಾರಾಯ್ತಿ,
ಅಲ್ಲಿ ದಾಟಿಸಲಿಕ್ಕೆ ಒಬ್ಬ ಹುಡುಗನಾದರೂ ಇದ್ದ.'
ಮಲಯಾಳದ ಪುಟ ಹೇಗೋ ದಾಟಿತು.
ಕನ್ನಡಕ್ಕೆ ಹೋದೆವು.
ಚಿತ್ರ. ಚಿತ್ರ. ಚಿತ್ರ.
ಹಳೆಯ ಫಾಂಟು ಒಡೆಯುತ್ತದೆಂದು
ಫೋಟೊ ತೆಗೆದು ಅಂಟಿಸಿದ್ದ ಕನ್ನಡ. ಅಂಟಿಸಿದವಳು ನಾನೇ.
ಅವರು ಏನೂ ಹೇಳಲಿಲ್ಲ. ವೈರನ್ನು ಬೆರಳಿಗೆ ಸುತ್ತಿ
ಮೆಲ್ಲಗೆ ಮೇಜಿನ ಮೇಲಿಟ್ಟರು.

ನನ್ನ ಅಮ್ಮ ಮುಳ್ಳೇರಿಯಾದ ಬಸ್ಸಿಗೆ ಕಾಯುವಾಗ
ಬೋರ್ಡು ಓದುವುದಿಲ್ಲ, ಕಿಟಕಿಯವರನ್ನು ಕೇಳುತ್ತಾಳೆ.
ಕಣ್ಣು ಚೆನ್ನಾಗಿದೆ. ಏಳನೆಯವರೆಗೆ ಕಲಿತಿದ್ದಾಳೆ,
ಕನ್ನಡದಲ್ಲಿ.
'ಆ ಬೋರ್ಡು ನನಗೊಂದು ರಂಗೋಲಿ' ಎಂದಿದ್ದಳು ಒಮ್ಮೆ,
ಬಸ್ಸು ತಪ್ಪಿಸಿಕೊಂಡು ಕತ್ತಲಾದ ಮೇಲೆ ಬಂದು.
ನಾನು ನಕ್ಕಿದ್ದೆ.

ಆ ರಾತ್ರಿ ಕೂತು ಟೈಪ್ ಮಾಡಿದೆ.
ಠೇವಣಿ, ಜಾಮೀನು, ನಾಮನಿರ್ದೇಶಿತರು,
ಒತ್ತಕ್ಷರ ಒಂದೊಂದನ್ನೂ ಅದರ ಅಕ್ಷರದ ಕಾಲಿಗೆ ಕೂರಿಸಿ.
ಗುಂಡಿಗಳಿಗೆ ಹೆಸರಿಟ್ಟೆ: ಹಣ ಕಳಿಸು. ಹಿಂದೆ ಹೋಗು. ಮುಚ್ಚು.
ಪುಟದ ನೆತ್ತಿಯ ಮೇಲೆ, ಯಾರಿಗೂ ಕಾಣದಲ್ಲಿ,
ಭಾಷೆ ಯಾವುದೆಂದು ಬರೆಯಬೇಕು, ಎರಡೇ ಅಕ್ಷರ.
ಬರೆಯದಿದ್ದರೆ ಯಂತ್ರ ಇಂಗ್ಲಿಷೆಂದುಕೊಂಡು ತೊದಲುತ್ತದೆ.
ಜನಗಣತಿಯವರು ಅಂಗಳಕ್ಕೆ ಬಂದಾಗ ಅಜ್ಜ
ಕೇಳುವ ಮೊದಲೇ ಹೇಳುತ್ತಿದ್ದರಂತೆ, ಎರಡೆರಡು ಸಲ.

'ಇದನ್ನು ಯಾವ ಲೆಕ್ಕದಲ್ಲಿ ಬಿಲ್ಲು ಹಾಕುವುದು?'
ಶಿಹಾಬಿಕ್ಕ ಕೇಳಿದ್ದು ತಪ್ಪಲ್ಲ.
ನನ್ನಲ್ಲಿ ಉತ್ತರವಿರಲಿಲ್ಲ, ಸಂಬಳದ ದಿನ ಹತ್ತಿರವಿತ್ತು.
ಬ್ಯಾಂಕಿನ ಸೆಕ್ರೆಟರಿಗೆ ಬೇಕಾದದ್ದು ಬಿಳಿಯ ಮೇಲೆ ತಿಳಿಬೂದು,
ಕ್ಲಾಸಾಗಿ ಕಾಣುತ್ತದಂತೆ; ಬೂದು ಕಪ್ಪಾಯಿತು ಕೊನೆಗೆ.
ಅಧ್ಯಕ್ಷರ ಫೋಟೊ ಮಾತ್ರ ಈಗಲೂ ಜಾರುತ್ತಲೇ ಇದೆ,
ನಿಲ್ಲಿಸುವ ಗುಂಡಿ ಕೊಡಲು ಬಿಡಲಿಲ್ಲ.

ಮೊನ್ನೆ ರಾತ್ರಿ ಎಂಟಕ್ಕೆ ಫೋನು,
ಹಳೆಯ ಆಪರೇಟರಿನ ಅದೇ ಅಳತೆಯ ದನಿ:
'ಕಳಿಸಿದೆ. ಹೋಯಿತು. ಎಷ್ಟೆಂದು ಮಗಳಿಗೂ ಗೊತ್ತಿಲ್ಲ.'
ಒಂದಿಷ್ಟು ನಗು, ನಗು ಮುಗಿದ ಮೇಲೂ
ಸ್ವಲ್ಪ ಹೊತ್ತು ಲೈನಿನಲ್ಲೇ ಇದ್ದರು. ಆಮೇಲೆ:
'ಕಡೆಗೆ ಒಂದು ಗುಂಡಿ ಉಂಟು ಮಾರಾಯ್ತಿ, ಹೆಸರಿಲ್ಲ ಅದಕ್ಕೆ.
ಒತ್ತಲೋ?'

'ಒತ್ತಬೇಡಿ' ಎಂದೆ,
ಅನ್ನದ ಕೈಯಲ್ಲೇ ಲ್ಯಾಪ್‌ಟಾಪು ಬಿಡಿಸುತ್ತ,
'ಒಂದು ನಿಮಿಷ, ಅಲ್ಲೇ ನಿಲ್ಲಿ.'