ಹದಿನಾಲ್ಕನೆಯ ಕಾಲು

ಡಂಡೀಯಲ್ಲಿ ಡಿಸೆಂಬರ್. ಟೇ ನದಿಯ ಮೇಲೆ
ಬೆಳಕು ಒಂಬತ್ತಕ್ಕೆ ಬಂದು ಮೂರೂವರೆಗೆ ಹೊರಡುತ್ತದೆ,
ಅರ್ಧ ದಿನದ ಆಳಿನ ಹಾಗೆ.

ಐಲೀನ್ ಗೆಡ್ಡಿಸ್, ಅಂಚೆಯವಳು, ಕಾಲುಚೀಲ ಇಳಿಸಿ
ಮೀನಖಂಡ ಚಾಚುತ್ತಾಳೆ.
"ಗುಡ್ಡದ ರಸ್ತೆ, ನಲವತ್ತೊಂದನೆಯ ಮನೆ.
ಅಲ್ಲಿಗೆ ಬರುವಾಗ ಕಾಲು ಕಲ್ಲಾಗುತ್ತೆ."

ಸ್ನಾಯುವಿಗೊಂದು ಚೀಲವಿದೆ, ಹಿಗ್ಗಲಾರದ್ದು.
ಒಳಗೆ ಊತ, ಹೊರಗೆ ಹಠ,
ರಕ್ತ ಬಾಗಿಲಲ್ಲೇ ನಿಂತ ನೆಂಟ,
ಬಾ ಎನ್ನುವವರಿಲ್ಲ.
ಮದ್ದು ಸೋತರೆ ಕತ್ತಿ ಇದ್ದೇ ಇದೆ, ಚೀಲ ಸೀಳಲು.

ಹೋದ ವಾರ ಓಡಿ ನಿಂತಾಗ ಮೂವತ್ತೆಂಟು.
ಇವತ್ತು ತೋಳಿಗೊಂದು ಪಟ್ಟಿ ಅಂಟಿಸಿದೆ.
ನಾಳ ಅರಳಿಸುವ ಮದ್ದೋ, ಬರೀ ಅಂಟೋ
ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ,
ಎಡಿನ್‌ಬರೋದಲ್ಲಿ ಒಂದು ಲಕೋಟೆಗೆ ಗೊತ್ತು.

ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ.
"ತಲೆ ಸಿಡಿಯುತ್ತಿದೆ" ಅಂದಳು, ಹಣೆ ಒತ್ತಿ ನಕ್ಕಳು.
ಕಾಲಿನ ಗುಟ್ಟು ತಲೆಯಲ್ಲಿ ರಟ್ಟು!
ತುಟಿ ಬಿಗಿದು ಬರೆದೆ:
ತಲೆನೋವು, ಸಾಧಾರಣ.

ಮತ್ತೆ ಸೂಜಿ. ಯಂತ್ರ ತಡವರಿಸಿ ನಿಂತಿತು,
ಮೂವತ್ತೊಂಬತ್ತು.
ಬಾಗಿಲು ತೆರೆದೆವು ಅಂದುಕೊಂಡಿದ್ದೆವು. ನೆಂಟರು ಬಂದರು,
ಇನ್ನಷ್ಟು ಬಂದರು,
ಗೋಡೆ ಗೇಣೂ ಸರಿಯಲಿಲ್ಲ.

ಬೂಟಿನ ದಾರ ಕಟ್ಟುತ್ತ ಅವಳೇ ಹೇಳಿದಳು:
"ಆದರೂ ಇವತ್ತು ಕಲ್ಲಾಗಲಿಲ್ಲಮ್ಮ.
ಮರ ಆಯ್ತು, ಅಷ್ಟೆ."

ಡಾಕ್ಟರ್ ಫಾರ್ಕರ್‌ಗೆ ಬೇಕಾದದ್ದು ಅಂಕಿ.
ಹಾಳೆಯಲ್ಲಿ ಕಲ್ಲಿಗೂ ಮರಕ್ಕೂ ನಡುವೆ
ಖಾನೆ ಇಲ್ಲ.
ಹಿಂದಿನ ಹದಿಮೂರು ಕಾಲುಗಳು
ಏನೇನಾಗಿದ್ದವೋ, ನಾನು ಕೇಳಿರಲೇ ಇಲ್ಲ.
ಅವಳು ಹೊರಟ ಮೇಲೆ
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ
ಬರೆದಿಟ್ಟೆ:
ಮರ.